ಹಾರ್ಡ್ ಡಿಸ್ಕ್ ಟಕ್ ಟಕ್ ಅಂದಾಗ ನಾನು ಮಾಡಿದ್ದು

ಮನೆಯ ಕಂಪ್ಯೂಟರ್ ನಿಧಾನವಾದರೆ ಎಲ್ಲರೂ ಕೊಡುವ ಸಲಹೆ ಹೆಚ್ಚುಕಮ್ಮಿ ಒಂದೇ. ರ‍್ಯಾಮ್ ಹಾಕಿಸಿ, ವೈರಸ್ ಇದೆಯಾ ನೋಡಿಸಿ, ಇಲ್ಲಾಂದ್ರೆ ಫಾರ್ಮ್ಯಾಟ್ ಹೊಡೆಸಿ. ಬರೀ ನಿಧಾನ ಅಷ್ಟೇ ಆಗಿದ್ದರೆ ಇದರಲ್ಲಿ ಯಾವುದೋ ಒಂದು ಕೆಲಸಕ್ಕೆ ಬರಬಹುದು. ಆದರೆ ನಿಧಾನದ ಜೊತೆಗೆ ಕ್ಯಾಬಿನೆಟ್ ಒಳಗಿಂದ ಹಿಂದೆಂದೂ ಕೇಳದ ಸದ್ದು ಬರುತ್ತಿದ್ದರೆ ವಿಷಯ ಬೇರೆ. ಆಗ ಕಂಪ್ಯೂಟರ್ ಜೋರಾಗಿ ಓಡಬೇಕು ಅನ್ನುವ ಆಸೆಯನ್ನು ಸ್ವಲ್ಪ ಬದಿಗಿಡಬೇಕು. ಒಳಗಿರುವ ಫೈಲುಗಳನ್ನು ಮೊದಲು ಹೊರಗೆ ತೆಗೆಯಬೇಕು. ರಿಪೇರಿ ಆಮೇಲೆ.

ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ನೆಂಟರ ಮನೆಯ ಕಂಪ್ಯೂಟರ್‌ಗಳೂ ಹೇಗೋ ನನ್ನ ಪಾಲಿಗೇ ಬರುತ್ತವೆ. ಈ ಸಲ ಬಂದದ್ದು ಮಂಡ್ಯದ ಸುಭಾಷ್ ನಗರದಲ್ಲಿರುವ ಚಿಕ್ಕಪ್ಪನದು. ಅವರು ಪತ್ರ ಬರಹಗಾರರು. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಹೀಗೆ ಎಷ್ಟೋ ವರ್ಷಗಳ ಕರಡುಗಳೆಲ್ಲ ಆ ಒಂದೇ ಕಂಪ್ಯೂಟರ್‌ನಲ್ಲಿದ್ದವು. ಮದುವೆ, ನಾಮಕರಣದ ಫೋಟೋಗಳೂ ಅಲ್ಲೇ. ಬೇರೆಲ್ಲೂ ಇನ್ನೊಂದು ಪ್ರತಿ ಇರಲಿಲ್ಲ.

ಫೋನಿನಲ್ಲಿ ಅವರು ಹೇಳಿದ್ದು, "ಒಂದು ಪತ್ರ ಓಪನ್ ಆಗೋದ್ರೊಳಗೆ ಕಾಫಿ ಕುಡ್ಕೊಂಡು ಬರಬೋದು ಕಣ್ಲಾ. ಒಳಗೆ ಏನೋ ಟಕ್ ಟಕ್ ಅಂತದೆ. ಫಾರ್ಮ್ಯಾಟ್ ಮಾಡಿದ್ರೆ ಸರಿಹೋಯ್ತದೆ ಅಂತವ್ರೆ. ಮಾಡಿಸ್ಬುಡ್ಲೇನ್ಲಾ?"

"ಬೇಡವೇ ಬೇಡ ಚಿಕ್ಕಪ್ಪ. ಆಫ್ ಮಾಡಿ ಪ್ಲಗ್ ಕಿತ್ತಿಡಿ. ಭಾನುವಾರ ಬರ್ತೀನಿ, ಅಲ್ಲೀವರೆಗೂ ಯಾರೂ ಆನ್ ಮಾಡಬಾರದು."

ಇಷ್ಟು ಕಟ್ಟುನಿಟ್ಟಾಗಿ ಯಾಕೆ ಹೇಳಿದೆ ಅಂದರೆ, ಫೈಲುಗಳೆಲ್ಲ ಇರುವ ಹಾರ್ಡ್ ಡಿಸ್ಕ್ ಕೆಲಸ ಮಾಡುವ ರೀತಿಯೇ ಹಾಗಿದೆ. ಒಳಗೆ ಕನ್ನಡಿಯಂಥ ತಟ್ಟೆಗಳು ತಿರುಗುತ್ತಿರುತ್ತವೆ. ಡೆಸ್ಕ್‌ಟಾಪ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು, ಲ್ಯಾಪ್‌ಟಾಪಿನದು ಹೆಚ್ಚಾಗಿ 5400. ಓದುವ ಹೆಡ್ ತಟ್ಟೆಯನ್ನು ಮುಟ್ಟುವುದಿಲ್ಲ. ಗಾಳಿಯ ಮೇಲೆ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ಒಂದು ಧೂಳಿನ ಕಣ ಆ ಸಂದಿಗಿಂತ ಎಷ್ಟೋ ದೊಡ್ಡದು. ತಟ್ಟೆಯ ಒಂದು ಜಾಗ ಹಾಳಾಗಿ ಅಲ್ಲಿರುವುದನ್ನು ಓದಲು ಆಗದಿದ್ದರೆ, ಡಿಸ್ಕ್ ಸುಮ್ಮನೆ ಮುಂದೆ ಹೋಗುವುದಿಲ್ಲ. ಅದೇ ಜಾಗವನ್ನು ಮತ್ತೆ ಮತ್ತೆ ಓದಲು ನೋಡುತ್ತದೆ. ಪ್ರತಿ ಸಲವೂ ತಟ್ಟೆ ಒಂದು ಸುತ್ತು ಬರುವವರೆಗೆ ಕಾಯಬೇಕು. ಕತ್ತಲಲ್ಲಿ ಬೀಗದ ಕಿಂಡಿಗೆ ಕೀ ತಡಕಾಡಿದ ಹಾಗೆ. ಅಷ್ಟು ಹೊತ್ತು ವಿಂಡೋಸ್ ಕೈಕಟ್ಟಿ ನಿಂತಿರುತ್ತದೆ. ನಮಗೆ ಕಾಣುವ ನಿಧಾನ ಇದೇ, ಕೇಳುವ ಸದ್ದೂ ಇದೇ. ಹೆಡ್ ತನಗೆ ಬೇಕಾದ ಜಾಗ ಸಿಗದೆ ಹಿಂದಕ್ಕೆ ಹೋಗಿ ಮತ್ತೆ ಬಂದಾಗ 'ಟಕ್' ಅನ್ನುತ್ತದೆ.

ಇಂಥ ಹೊತ್ತಿನಲ್ಲಿ ಫಾರ್ಮ್ಯಾಟ್, ಡಿಫ್ರಾಗ್, ಚೆಕ್‌ಡಿಸ್ಕ್ ಮಾಡಿದರೆ ಏನಾಗುತ್ತದೆ? ಡಿಫ್ರಾಗ್ ಫೈಲುಗಳನ್ನೆಲ್ಲ ಎತ್ತಿ ಬೇರೆ ಕಡೆ ಇಡುತ್ತದೆ, ಅಂದರೆ ಸುಸ್ತಾದ ಡಿಸ್ಕ್‌ಗೆ ಇನ್ನೂ ಜಾಸ್ತಿ ದುಡಿತ. ಚೆಕ್‌ಡಿಸ್ಕ್ ಪೂರ್ತಿ ಪರೀಕ್ಷೆ ಇಡೀ ಡಿಸ್ಕನ್ನು ಓದಿ, ಫೈಲ್ ಪಟ್ಟಿಯನ್ನೂ ತಿದ್ದುತ್ತದೆ. ಒಳ್ಳೆಯ ಡಿಸ್ಕ್‌ನಲ್ಲಿ ಕರೆಂಟ್ ಹೋಗಿ ಫೈಲ್ ಪಟ್ಟಿ ಕೆಟ್ಟಿದ್ದರೆ ಅದು ತುಂಬ ಉಪಯೋಗದ ಸಾಧನ. ಸಾಯುತ್ತಿರುವ ಡಿಸ್ಕ್ ಮೇಲೆ ಅದನ್ನು ಓಡಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಫಾರ್ಮ್ಯಾಟ್ ಬಗ್ಗೆ ಹೇಳುವುದೇ ಬೇಡ, ಅದು ಇರುವ ಫೈಲುಗಳನ್ನೇ ಅಳಿಸುತ್ತದೆ.

ಭಾನುವಾರ ಬೆಳಗ್ಗೆ ರೈಲಿನಲ್ಲಿ ಮಂಡ್ಯಕ್ಕೆ ಹೋದೆ. ಬ್ಯಾಗಿನಲ್ಲಿ ಇದ್ದದ್ದು: ಲ್ಯಾಬ್‌ನಲ್ಲೇ ಮಾಡಿಕೊಂಡ ಉಬುಂಟು (ವಿಂಡೋಸ್ ಬದಲಿಗೆ ಓಡಿಸಬಹುದಾದ ಉಚಿತ ಕಾರ್ಯವ್ಯವಸ್ಥೆ) ಪೆನ್‌ಡ್ರೈವ್, ಖಾಲಿ ಎಕ್ಸ್‌ಟರ್ನಲ್ ಡಿಸ್ಕ್, ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಹೊಸ ಸಾಟಾ ಕೇಬಲ್, ಸ್ಕ್ರೂಡ್ರೈವರ್.

ಸದ್ದು ಎಲ್ಲಿಂದ ಅನ್ನುವುದನ್ನು ಖಚಿತ ಮಾಡಿಕೊಳ್ಳದೆ ಡಿಸ್ಕ್ ಮೇಲೆ ತಪ್ಪು ಹೊರಿಸಬಾರದು. ನಮ್ಮ ಕಡೆಯ ಮನೆಗಳಲ್ಲಿ ಧೂಳು ಜಾಸ್ತಿ. ಪ್ರೊಸೆಸರ್ ಫ್ಯಾನ್, ಪವರ್ ಸಪ್ಲೈ ಫ್ಯಾನ್ ಎರಡೂ ವರ್ಷಗಟ್ಟಲೆ ಧೂಳು ಹಿಡಿದು ಅರಚುತ್ತವೆ. ಒಂದು ವೈರ್ ಜಾರಿ ಫ್ಯಾನ್ ರೆಕ್ಕೆಗೆ ತಾಗುತ್ತಿದ್ದರೂ 'ಟರ್ರ್' ಅಂತ ಬರುತ್ತದೆ. ಫ್ಯಾನ್ ಸದ್ದು ಒಂದೇ ಸಮನೆ ಇರುತ್ತದೆ. ಡಿಸ್ಕ್ ಸದ್ದು ಕೆಲಸಕ್ಕೆ ತಕ್ಕಂತೆ ಬಂದು ಹೋಗುತ್ತದೆ. ಫೈಲ್ ತೆರೆಯುವಾಗ ಮೆಲ್ಲಗೆ 'ಗರ ಗರ' ಅನ್ನುವುದು, ಆಫ್ ಮಾಡುವಾಗ ಒಂದು ಸಲ 'ಟಕ್' ಅನ್ನುವುದು ಸಹಜವೇ. ಒಂದೇ ಲಯದಲ್ಲಿ ಟಕ್, ಟಕ್, ಟಕ್ ಅಂತ ಬಂದು, ನಡುವೆ ಕಂಪ್ಯೂಟರ್ ಸ್ತಬ್ಧವಾದರೆ ಅದು ಅಪಾಯದ ಸೂಚನೆ. ಕೊಯ್ಯುವ ಹಾಗೆ 'ಕಿರ್ರ್' ಅಂದರಂತೂ ಹೆಡ್ ತಟ್ಟೆಯನ್ನೇ ಉಜ್ಜುತ್ತಿರಬಹುದು, ಆ ಕ್ಷಣವೇ ಕರೆಂಟ್ ತೆಗೆಯಬೇಕು.

ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಡಿಸ್ಕಿನ ಪಕ್ಕದ ಲೋಹಕ್ಕೆ ಮೆಲ್ಲಗೆ ತಾಗಿಸಿ, ಹಿಡಿಯನ್ನು ಕಿವಿಯ ಹತ್ತಿರ ಇಟ್ಟರೆ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಕೆಳಗಿನ ಸರ್ಕ್ಯೂಟ್ ಬೋರ್ಡಿಗೆ ಮಾತ್ರ ತಾಗಿಸಬಾರದು. ಇದಕ್ಕಿಂತ ಸುರಕ್ಷಿತ ದಾರಿ ಅಂದರೆ, ಕರೆಂಟ್ ತೆಗೆದು ಡಿಸ್ಕಿನ ಎರಡೂ ಕೇಬಲ್ ಬಿಚ್ಚಿ, ಮತ್ತೆ ಆನ್ ಮಾಡಿ, ವಿಂಡೋಸ್ ಶುರುವಾಗುವ ಮೊದಲೇ ಬರುವ ಬಯಾಸ್ ಎಂಬ ಸೆಟ್ಟಿಂಗ್ ಪರದೆಯಲ್ಲಿ ನಿಲ್ಲಿಸುವುದು. ನಾನು ಹೀಗೆ ಮಾಡಿದೆ. ಡಿಸ್ಕ್ ಬಿಚ್ಚಿದ ಮೇಲೆ ಫ್ಯಾನುಗಳ ಹುಯ್ಯಲು ಮಾತ್ರ ಉಳಿಯಿತು, ಟಕ್ ಟಕ್ ಇಲ್ಲ. ಅಲ್ಲಿಗೆ ಅನುಮಾನ ಮುಗಿಯಿತು.

ಆಫ್ ಮಾಡಿ ಡಿಸ್ಕಿನ ಕೇಬಲ್ ಮತ್ತೆ ಸಿಕ್ಕಿಸಿದ ಮೇಲೂ ವಿಂಡೋಸ್ ಆನ್ ಮಾಡಲಿಲ್ಲ. ಇದನ್ನು ಒತ್ತಿ ಹೇಳಬೇಕು. ವಿಂಡೋಸ್ ಶುರುವಾಗುವಾಗಲೇ ಸಾವಿರಾರು ಸಣ್ಣ ಫೈಲುಗಳನ್ನು ಓದುತ್ತದೆ, ಅಪ್‌ಡೇಟ್ ಹುಡುಕುತ್ತದೆ, ಡಿಸ್ಕಿಗೆ ಬರೆಯುತ್ತದೆ. ಕೊನೆಯುಸಿರಿನ ಡಿಸ್ಕಿಗೆ ಆ ಹೊರೆ ಯಾಕೆ? ಪೆನ್‌ಡ್ರೈವ್‌ನಿಂದ ಉಬುಂಟು ಶುರು ಮಾಡಿ, ಇನ್‌ಸ್ಟಾಲ್ ಮಾಡದೆ ಟ್ರೈ ಮಾಡುವ ಆಯ್ಕೆ ತೆಗೆದುಕೊಂಡರೆ ಒಳಗಿನ ಡಿಸ್ಕ್ ಸುಮ್ಮನಿರುತ್ತದೆ. ಆನ್ ಮಾಡಿದ ತಕ್ಷಣ ಎಫ್12 ಒತ್ತಿದರೆ, ಯಾವುದರಿಂದ ಶುರು ಮಾಡಬೇಕು ಅಂತ ಕೇಳುವ ಬೂಟ್ ಮೆನು ಬಂತು. ಕೆಲವು ಬೋರ್ಡುಗಳಲ್ಲಿ ಎಫ್11 ಅಥವಾ ಎಫ್8 ಇರುತ್ತದೆ.

ಪ್ರತಿ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಡುತ್ತದೆ. ಇದಕ್ಕೆ ಸ್ಮಾರ್ಟ್ ಅನ್ನುತ್ತಾರೆ. ಉಬುಂಟುವಿನ ಡಿಸ್ಕ್ಸ್ ಎಂಬ ಆ್ಯಪ್‌ನಲ್ಲೇ ನೋಡಬಹುದು. ಅಲ್ಲಿ ಪ್ರತಿ ಸಾಲಿಗೂ ಒಂದು ಸಂಖ್ಯೆ ಇರುತ್ತದೆ, ನಾನು ನೋಡುವುದು ನಾಲ್ಕು ಸಾಲು. ಸಂಖ್ಯೆ 5, ಕೆಟ್ಟ ಜಾಗದ ಬದಲಿಗೆ ಮೀಸಲು ಜಾಗ ಕೊಟ್ಟದ್ದರ ಎಣಿಕೆ. 197, ಓದಲು ಆಗದೆ ತೀರ್ಮಾನಕ್ಕೆ ಕಾಯುತ್ತಿರುವ ಜಾಗಗಳು. 198, ಡಿಸ್ಕ್ ತಾನೇ ಪರೀಕ್ಷಿಸಿಕೊಂಡಾಗಲೂ ಓದಲಾಗದೆ ಉಳಿದವು. 199, ಕೇಬಲ್‌ನಲ್ಲಿ ಮಾಹಿತಿ ಹಾದುಬರುವಾಗ ಆದ ತಪ್ಪುಗಳು. ವಿಂಡೋಸ್‌ನಲ್ಲಿ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಆ್ಯಪ್ ಇವನ್ನೇ 05, ಸಿ5, ಸಿ6, ಸಿ7 ಎಂದು ತೋರಿಸುತ್ತದೆ. ಅದರಲ್ಲಿ ಎಣಿಕೆ ಹೆಕ್ಸ್ ರೂಪದಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿರುತ್ತದೆ, 10 ಅಂತ ಕಂಡರೆ 16 ಅಂತ ಅರ್ಥ. ಸೆಟ್ಟಿಂಗ್‌ನಲ್ಲಿ ಮಾಮೂಲಿ ಹತ್ತರ ಲೆಕ್ಕಕ್ಕೆ ಬದಲಿಸಿಕೊಳ್ಳಬಹುದು.

199 ಮಾತ್ರ ಏರಿದ್ದು ಉಳಿದವು ಸೊನ್ನೆ ಇದ್ದರೆ ಖುಷಿಪಡಬೇಕು, ಯಾಕೆಂದರೆ ಹೆಚ್ಚಾಗಿ ಅದು ಕೇಬಲ್ ದೋಷ. ನಮ್ಮ ಲ್ಯಾಬಿನಲ್ಲಿ ಆಗಾಗ ನಿಂತು ನಿಂತು ಓಡುತ್ತಿದ್ದ ಒಂದು ಕಂಪ್ಯೂಟರ್ ಬರೀ ಸಾಟಾ ಕೇಬಲ್ ಬದಲಿಸಿದ್ದಕ್ಕೆ ಸರಿಹೋಯಿತು. ಹಳೆಯ ಎಣಿಕೆ ಅಳಿಯುವುದಿಲ್ಲ, ಮುಂದೆ ಏರದಿದ್ದರೆ ಸಾಕು. ಚಿಕ್ಕಪ್ಪನ ಡಿಸ್ಕಿನಲ್ಲಿ ಕಥೆ ಬೇರೆ ಇತ್ತು. 197 ನೂರನ್ನು ದಾಟಿತ್ತು, 5ನೆಯ ಸಾಲೂ ಏರಿತ್ತು. ಹೀಗಿರುವಾಗ ದೀರ್ಘ ಸ್ವಯಂ ಪರೀಕ್ಷೆ ಓಡಿಸುವ ಅಗತ್ಯವೇ ಇಲ್ಲ. ಗೊತ್ತಾಗಿರುವುದನ್ನೇ ಮತ್ತೆ ತಿಳಿಯಲು ಡಿಸ್ಕನ್ನು ಪೂರ್ತಿ ಉಜ್ಜಿಸಿದಂತಾಗುತ್ತದೆ.

ನಕಲು ತೆಗೆಯುವ ಮೊದಲು ಕರೆಂಟ್ ವ್ಯವಸ್ಥೆ ನೋಡಿದೆ. ಕಂಪ್ಯೂಟರ್‌ನ ಯುಪಿಎಸ್ ಬ್ಯಾಟರಿ ಸತ್ತಿತ್ತು. ಮನೆಯ ಇನ್ವರ್ಟರ್ ಹಿಂಭಾಗದಲ್ಲಿ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇತ್ತು. ಅದನ್ನು ಹಾಕಿದರೆ ಕರೆಂಟ್ ಹೋದಾಗ ಬದಲಾವಣೆ ಬೇಗ ಆಗಿ ಕಂಪ್ಯೂಟರ್ ಆಫ್ ಆಗುವುದಿಲ್ಲ. ಈ ಸ್ವಿಚ್ ಬಹಳ ಮನೆಗಳಲ್ಲಿ ಇದೆ, ಯಾರೂ ನೋಡಿರುವುದಿಲ್ಲ. ಕ್ಯಾಬಿನೆಟ್ ಬಾಗಿಲು ತೆಗೆದು ಟೇಬಲ್ ಫ್ಯಾನ್ ಅದರ ಕಡೆ ತಿರುಗಿಸಿಟ್ಟೆ, ಡಿಸ್ಕ್ ಬಿಸಿಯಾಗಬಾರದು.

ಮೊದಲು ಏನು ತೆಗೆಯಬೇಕು ಅನ್ನುವುದನ್ನು ಚಿಕ್ಕಪ್ಪನನ್ನೇ ಕೇಳಿದೆ. "ಪತ್ರಗಳು ಮೊದ್ಲು. ಆಮೇಲೆ ಫೋಟೋ. ಸಿನಿಮಾ ಗಿನಿಮಾ ಹೋದ್ರೆ ಹೋಗ್ಲಿ ಬುಡು" ಅಂದರು. ಚಿಕ್ಕಮ್ಮ ಒಳಗಿನಿಂದ "ಫೋಟೋ ಹೋಗಬಾರ್ದು ಕಣಪ್ಪ" ಅಂದರು. ಇಡೀ ಡಿಸ್ಕಿನ ಪ್ರತಿಬಿಂಬವನ್ನೇ (ಇಮೇಜ್, ಅಂದರೆ ಡಿಸ್ಕಿನ ತದ್ರೂಪು ನಕಲು) ಮೊದಲು ತೆಗೆಯಬೇಕು ಅನ್ನುವವರಿದ್ದಾರೆ. ಅದರಲ್ಲೂ ನ್ಯಾಯ ಇದೆ. ಆದರೆ ಫೈಲುಗಳು ಇನ್ನೂ ಕಾಣುತ್ತಿರುವಾಗ, ತುಂಬ ಬೇಕಾದ ಸಣ್ಣ ಪಾಲನ್ನು ಮೊದಲು ತೆಗೆಯುವುದೇ ನನಗೆ ಸರಿ ಅನ್ನಿಸುತ್ತದೆ. ಡಿಸ್ಕ್ ನಡುದಾರಿಯಲ್ಲಿ ನಿಂತುಬಿಟ್ಟರೂ ಮುಖ್ಯವಾದದ್ದು ಕೈಯಲ್ಲಿರುತ್ತದೆ. ಬರೆಯಲು ಅವಕಾಶ ಇಲ್ಲದಂತೆ, ಓದಲು ಮಾತ್ರ ಡಿಸ್ಕನ್ನು ತೆರೆದುಕೊಂಡು ಪತ್ರಗಳ ಫೋಲ್ಡರ್, ಫೋಟೋ ಫೋಲ್ಡರ್, ಡೆಸ್ಕ್‌ಟಾಪ್ ನಕಲು ಮಾಡಿದೆ. ಯಾವುದಾದರೂ ಫೈಲ್‌ನಲ್ಲಿ ಸಿಕ್ಕಿಕೊಂಡರೆ ಬಿಟ್ಟು ಮುಂದಕ್ಕೆ ಹೋದೆ.

ಇನ್ನೊಂದನ್ನು ಕನ್ನಡದಲ್ಲಿ ಕೆಲಸ ಮಾಡುವವರು ನೆನಪಿಡಬೇಕು. ಚಿಕ್ಕಪ್ಪನ ಹಳೆಯ ಪತ್ರಗಳೆಲ್ಲ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾದವು, ಈಗ ಎಲ್ಲೆಡೆ ಬಳಸುವ ಯುನಿಕೋಡ್ ಅಲ್ಲ. ಆ ಹಳೆಯ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಅಕ್ಷರಗಳೆಲ್ಲ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಫೈಲ್ ಕೆಟ್ಟೇಹೋಯಿತು ಅಂತ ಎಷ್ಟೋ ಜನ ಅಳಿಸಿಬಿಡುತ್ತಾರೆ! ಅದಕ್ಕೇ ವಿಂಡೋಸ್ ಫೋಲ್ಡರ್ ಒಳಗಿನ ಫಾಂಟ್ಸ್ ಫೋಲ್ಡರನ್ನೂ ಪೂರ್ತಿ ನಕಲು ಮಾಡಿಕೊಂಡೆ.

ಮುಖ್ಯವಾದದ್ದು ಬಂದ ಮೇಲೆ, ಇಡೀ ಡಿಸ್ಕಿನ ಪ್ರತಿಬಿಂಬ ತೆಗೆಯಲು ಡಿಡಿರೆಸ್ಕ್ಯೂ ಓಡಿಸಿದೆ. ಈ ಉಚಿತ ಸಾಧನದ ಬಗ್ಗೆ ನನಗೆ ತುಂಬ ಗೌರವ. ಮೊದಲ ಸುತ್ತಿನಲ್ಲಿ ಅದು ಸುಲಭವಾಗಿ ಓದಲು ಬರುವ ಜಾಗಗಳನ್ನೆಲ್ಲ ತೆಗೆದುಕೊಳ್ಳುತ್ತದೆ, ಕೆಟ್ಟ ಜಾಗ ಸಿಕ್ಕರೆ ಗುರುತು ಹಾಕಿ ದಾಟುತ್ತದೆ. ಕಷ್ಟದ ಜಾಗಗಳಿಗೆ ಆಮೇಲೆ ಮರಳಿ ಬರುತ್ತದೆ. ಎಲ್ಲಿಯವರೆಗೆ ಆಯಿತು ಅನ್ನುವುದನ್ನು ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದಿಡುವುದರಿಂದ ನಡುವೆ ನಿಲ್ಲಿಸಿ ಮತ್ತೆ ಅಲ್ಲಿಂದಲೇ ಶುರು ಮಾಡಬಹುದು. ಯಾವುದು ಹಳೆಯ ಡಿಸ್ಕ್, ಯಾವುದು ಹೊಸದು ಅನ್ನುವುದನ್ನು ಗಾತ್ರ ನೋಡಿ ಎರಡೆರಡು ಸಲ ಖಚಿತಪಡಿಸಿಕೊಳ್ಳಿ. ಅದಲುಬದಲಾದರೆ ಇರುವುದೂ ಅಳಿಸಿಹೋಗುತ್ತದೆ. ಪ್ರತಿಬಿಂಬವನ್ನು ಒಂದೇ ಫೈಲಾಗಿ ಇಡುವುದಾದರೆ ಎಕ್ಸ್‌ಟರ್ನಲ್ ಡಿಸ್ಕ್ ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟಿನಲ್ಲಿ ಇರಬಾರದು, ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಕೆಲಸ ರಾತ್ರಿಯಿಡೀ ನಡೆಯಿತು. ಬೆಳಗ್ಗೆ ನೋಡಿದಾಗ ತೀರ ಸಣ್ಣ ಪಾಲು ಬಿಟ್ಟು ಉಳಿದದ್ದೆಲ್ಲ ಬಂದಿತ್ತು.

ಡಿಸ್ಕನ್ನು ಬಯಾಸ್ ಗುರುತಿಸದೇ ಇದ್ದಿದ್ದರೆ ನಾನು ಇದ್ಯಾವುದಕ್ಕೂ ಕೈ ಹಾಕುತ್ತಿರಲಿಲ್ಲ. ಸುಮ್ನೆ ಆಫ್ ಮಾಡಿ, ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ಬಿಚ್ಚುವ ಸೌಲಭ್ಯ ಇರುವ ಡೇಟಾ ರಿಕವರಿಯವರಿಗೆ ಕೊಡಬೇಕು. ದುಬಾರಿ, ಆದರೆ ಬೇರೆ ದಾರಿ ಇಲ್ಲ. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ, ಮೆಲ್ಲಗೆ ತಟ್ಟಿದರೆ ಓಡುತ್ತದೆ ಅನ್ನುವ ಮಾತುಗಳನ್ನು ದಯವಿಟ್ಟು ನಂಬಬೇಡಿ. ಫ್ರಿಜ್ಜಿನಿಂದ ತೆಗೆದ ಡಿಸ್ಕಿನ ಒಳಗೆ ನೀರಿನ ಪಸೆ ಕಟ್ಟಬಹುದು, ತಟ್ಟಿದರೆ ಹೆಡ್ ತಟ್ಟೆಗೆ ಬಡಿಯಬಹುದು.

ಉಳಿದದ್ದು ಸುಲಭ. ಹಳೆಯ ಡಿಸ್ಕಿನ ಜಾಗಕ್ಕೆ, ತಿರುಗುವ ತಟ್ಟೆಯೇ ಇಲ್ಲದೆ ಚಿಪ್ಪುಗಳಲ್ಲಿ ಫೈಲ್ ಇಡುವ ಸಾಟಾ ಎಸ್‌ಎಸ್‌ಡಿ ಹಾಕಿದೆ. ಇದು ಎರಡೂವರೆ ಇಂಚಿನದು, ಕ್ಯಾಬಿನೆಟ್ ಗೂಡು ಮೂರೂವರೆ ಇಂಚಿನದು, ಹಾಗಾಗಿ ನಡುವೆ ಒಂದು ಬ್ರಾಕೆಟ್ ಬೇಕು. ಹಳೆಯ ಡಿಸ್ಕಿನ ಸ್ಕ್ರೂ ಇದಕ್ಕೆ ಹಿಡಿಯುವುದಿಲ್ಲ, ಸಣ್ಣ ಎಂ3 ಸ್ಕ್ರೂ ತರಬೇಕು. ಹಳೆಯ ವಿಂಡೋಸನ್ನು ಹಾಗೇ ಎತ್ತಿ ಹಾಕಲಿಲ್ಲ. ಓದಲಾಗದೇ ಹೋದ ಜಾಗಗಳಲ್ಲಿ ವಿಂಡೋಸ್‌ನ ಫೈಲುಗಳೂ ಇರಬಹುದು, ಆ ಕಾಯಿಲೆ ಹೊಸದಕ್ಕೂ ಬರುವುದು ಬೇಡ ಅಂತ ಹೊಸದಾಗಿಯೇ ಇನ್‌ಸ್ಟಾಲ್ ಮಾಡಿ, ಫಾಂಟ್ ಹಾಕಿ, ಫೈಲುಗಳನ್ನು ತಂದೆ. ತಟ್ಟೆ ತಿರುಗುವ ಡಿಸ್ಕ್ ಚದುರಿದ ಸಣ್ಣ ಫೈಲುಗಳನ್ನು ಸೆಕೆಂಡಿಗೆ ನೂರರ ಆಸುಪಾಸಿನಲ್ಲಿ ಹುಡುಕಿ ಓದಿದರೆ ಎಸ್‌ಎಸ್‌ಡಿ ಸಾವಿರಗಟ್ಟಲೆ ಓದುತ್ತದೆ. ರ‍್ಯಾಮ್ ಮುಟ್ಟಲೇ ಇಲ್ಲ. ಪತ್ರ ಈಗ ಕ್ಲಿಕ್ಕಿಸಿದ ಕೂಡಲೇ ತೆರೆಯುತ್ತದೆ.

ಚಿಕ್ಕಪ್ಪನ ಜೊತೆ ಕೂತು ಬೇರೆ ಬೇರೆ ವರ್ಷದ ಪತ್ರಗಳನ್ನು ತೆರೆದು ಪುಟ ಪುಟ ನೋಡಿದೆವು. ಕೆಲವು ಹಳೆಯ ಫೋಟೋ ಅರ್ಧ ಬೂದುಬಣ್ಣವಾಗಿದ್ದವು. ಪತ್ರಗಳು ಎಲ್ಲ ಸರಿಯಿದ್ದವು. ಎಕ್ಸ್‌ಟರ್ನಲ್ ಡಿಸ್ಕನ್ನು ಅಲ್ಲೇ ಬಿಟ್ಟು ಬಂದೆ. ಪ್ರತಿ ಶನಿವಾರ ಅದಕ್ಕೆ ನಕಲು ಹಾಕಿ, ಕಿತ್ತು ಬೀರುವಿನಲ್ಲಿಡುವುದು ಚಿಕ್ಕಮ್ಮನ ಜವಾಬ್ದಾರಿ. ಸದಾ ಚುಚ್ಚಿಯೇ ಇಟ್ಟರೆ ಸಿಡಿಲು ಬಡಿದಾಗ ಎರಡೂ ಒಟ್ಟಿಗೆ ಹೋಗಬಹುದು.

ಹಳೆಯ ಡಿಸ್ಕನ್ನು ಗುಜರಿಗೆ ಹಾಕುತ್ತೇನೆ ಅಂದರು, ನಾನು ಒಪ್ಪಲಿಲ್ಲ. ಪತ್ರ ಬರೆಸಿದವರ ಆಧಾರ್, ಪ್ಯಾನ್ ನಕಲುಗಳು ಅದರಲ್ಲಿವೆ. ಕೆಟ್ಟ ಡಿಸ್ಕನ್ನು ಅಳಿಸಲು ಹೋದರೂ ಪೂರ್ತಿ ಅಳಿಯುವುದಿಲ್ಲ, ಓದಲು ಬಾರದ ಜಾಗಕ್ಕೆ ಬರೆಯಲೂ ಆಗದೆ ಹೋಗಬಹುದು. ಕೆಲವು ವಾರ ಇಟ್ಟುಕೊಂಡು, ಇನ್ನು ಅದರಿಂದ ಏನೂ ಬೇಕಿಲ್ಲ ಅಂತ ಅವರೇ ಹೇಳಿದ ಮೇಲೆ ಡ್ರಿಲ್ ತಂದು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ತಟ್ಟೆಗಳ ಮೂಲಕ ಹಲವು ತೂತು ಕೊರೆದೆ. ಉಳಿದದ್ದನ್ನು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟೆವು.