ಮ್ಯಾಲಹೈಡ್‌ಗೆ ಹೊಸದಾಗಿ ಬಂದ ಕನ್ನಡಿಗರಿಗೆ ಒಂದಿಷ್ಟು ಮಾತು

ಇಲ್ಲಿ ಯಾರಾದರೂ "ವಿಲೇಜ್‌ಗೆ ಹೋಗಿ ಬರ್ತೀನಿ" ಅಂದರೆ ಊರು ಬಿಟ್ಟು ಎಲ್ಲೋ ಹೊರಟರು ಅಂದುಕೊಳ್ಳಬೇಡಿ. ಹಾಲು ತರೋಕೆ ಹೊರಟಿದ್ದಾರೆ, ಅಷ್ಟೆ. 2022ರ ಜನಗಣತಿಯಲ್ಲಿ ಮ್ಯಾಲಹೈಡ್‌ನ ಜನಸಂಖ್ಯೆ 18 ಸಾವಿರ ದಾಟಿದೆ. ಐರ್ಲೆಂಡಿನ ರಾಜಧಾನಿ ಡಬ್ಲಿನ್‌ಗೆ ಅಂಟಿಕೊಂಡ ಬಡಾವಣೆಯೇ ಆಗಿಹೋಗಿದೆ. ಆದರೂ ಇಲ್ಲಿನವರ ಬಾಯಲ್ಲಿ ಇದು ವಿಲೇಜೇ. ನಾಲ್ಕು ರಸ್ತೆ ಕೂಡುವ ಒಂದು ಜಾಗ, ಅದಕ್ಕೆ ಡೈಮಂಡ್ ಅಂತ ಹೆಸರು. ಅದರ ಸುತ್ತ ಅಂಗಡಿ ಬೀದಿ, ಒಂದು ಕಡೆ ರೈಲ್ವೆ ಸ್ಟೇಷನ್, ಇನ್ನೊಂದು ಕಡೆ ದೋಣಿಗಳು ನಿಲ್ಲುವ ಮರೀನಾ. ಇಷ್ಟನ್ನು ಅವರು ವಿಲೇಜ್ ಅನ್ನುತ್ತಾರೆ, ಉಳಿದದ್ದೆಲ್ಲ ಮನೆಗಳು.

ನಾನು ಅರಸೀಕೆರೆಯವನು. ರೈಲು ಗೊತ್ತು, ತೆಂಗು ಗೊತ್ತು. ಸಮುದ್ರ ಅಂದರೆ ಧರ್ಮಸ್ಥಳಕ್ಕೆ ಹೋದಾಗ ಹಾಗೇ ಮಲ್ಪೆಗೆ ಹೋಗಿ ಪ್ಯಾಂಟು ಮಡಚಿ ನಿಂತದ್ದಷ್ಟೆ. 2014ರಲ್ಲಿ ಹೆಂಡತಿ ಮತ್ತು ನಾಲ್ಕು ವರ್ಷದ ಮಗಳ ಜೊತೆ ಇಲ್ಲಿಗೆ ಬಂದೆ. ಈಚೆಗೆ ಹೊಸಬರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚೂ ಕಡಿಮೆ ಒಂದೇ ಥರ ಇರುತ್ತವೆ, ಅದಕ್ಕೆ ಎಲ್ಲ ಒಂದು ಕಡೆ ಬರೆದುಬಿಡೋಣ ಅಂತ ಕೂತೆ.

ಮೊದಲು ಜನರ ವಿಷಯ, ಯಾಕೆಂದರೆ ನಾನು ಎಡವಿದ್ದು ಅಲ್ಲೇ. ಇಲ್ಲಿನವರು ಒಳ್ಳೆಯವರು, ನಗುತ್ತಾರೆ, ಮಾತಾಡಿಸುತ್ತಾರೆ. "ಹೌ ಆರ್ ಯೂ" ಅಂತಾರೆ. ಅದು ಪ್ರಶ್ನೆ ಅಲ್ಲ ಅಂತ ತಿಳಿಯೋಕೆ ನನಗೆ ಒಂದು ತಿಂಗಳು ಬೇಕಾಯಿತು. ನೆಗಡಿ, ಮಗಳ ಸ್ಕೂಲು, ಬಾಡಿಗೆ ಎಲ್ಲ ಹೇಳೋಕೆ ಶುರು ಮಾಡಿ ತಲೆ ಎತ್ತಿದರೆ ಆ ಮನುಷ್ಯ ಹತ್ತು ಹೆಜ್ಜೆ ಮುಂದೆ. "ಗ್ರ್ಯಾಂಡ್" ಅಂದರೆ ಸಾಕು. ಪಕ್ಕದ ಮನೆಯಾಕೆ ಮೊದಲ ವಾರವೇ "ಒಂದಿನ ಟೀಗೆ ಬನ್ನಿ" ಅಂದಿದ್ದರು. ನಾವು ಯಾವ ದಿನ ಅಂತ ಕಾದೆವು. ಕಾದೆವು. ನಮ್ಮಲ್ಲೂ ಬಸ್‌ಸ್ಟಾಂಡಲ್ಲಿ ಸಿಕ್ಕವರಿಗೆ "ಬನ್ನಿ ಮನೆ ಕಡೆ" ಅಂತೀವಲ್ವಾ, ಅದೇ ಇದು.

ಎರಡು ವರ್ಷ ಹೀಗೆ ನಕ್ಕು ನಕ್ಕು ಕಳೆದೆವು, ಒಂದು ಮನೆಯ ಒಳಗೂ ಕಾಲಿಡಲಿಲ್ಲ. ಆಮೇಲೆ ಗೊತ್ತಾಯಿತು: ಈ ಊರಲ್ಲಿ ಪರಿಚಯ ಆಗುವುದು ಮನೆಯಲ್ಲಲ್ಲ, ಕೆಲಸದಲ್ಲಿ. ಸಂಬಳದ ಕೆಲಸ ಅಲ್ಲ. ಕುರ್ಚಿ ಎತ್ತಿಡೋದು, ಕಸ ಹೆಕ್ಕೋದು, ಮಕ್ಕಳ ಆಟಕ್ಕೆ ಬಾವುಟ ಹಿಡಿಯೋದು, ಈ ಥರದ್ದು. ನಮ್ಮ ಕಡೆ ಗಣಪತಿ ಪೆಂಡಾಲ್ ಕಟ್ಟುವಾಗ ಯಾರ ಹತ್ತಿರ ಹಗ್ಗ ಇದೆಯೋ ಅವನು ಎಲ್ಲರಿಗೂ ನೆಂಟ ಆಗುತ್ತಾನಲ್ಲ, ಹಾಗೆ.

ನನಗೆ ಆ ಹಗ್ಗ ಸಿಕ್ಕಿದ್ದು ಪಾರ್ಕ್‌ರನ್‌ನಲ್ಲಿ. ಶನಿವಾರ ಬೆಳಿಗ್ಗೆ 9:30ಕ್ಕೆ ಕ್ಯಾಸಲ್ ಪಾರ್ಕಿನಲ್ಲಿ ಐದು ಕಿಲೋಮೀಟರ್ ಓಟ, ದುಡ್ಡಿಲ್ಲ. ಈ ದೇಶದಲ್ಲಿ ಪಾರ್ಕ್‌ರನ್ ಶುರುವಾಗಿದ್ದೇ ಮ್ಯಾಲಹೈಡ್‌ನಲ್ಲಿ, 2012ರಲ್ಲಿ. ಓಡಲೇಬೇಕು ಅಂತಿಲ್ಲ, ನಡೆಯಬಹುದು. ನಾನು ಅದೂ ಮಾಡಲಿಲ್ಲ, ಕೊನೆಯಲ್ಲಿ ನಿಂತು ಓಡಿ ಬಂದವರ ಬಾರ್‌ಕೋಡ್ (ಹೆಸರು ನೋಂದಾಯಿಸಿದಾಗ ಸಿಗುವ ಗುರುತು) ಸ್ಕ್ಯಾನ್ ಮಾಡುವ ಕೆಲಸ ತಗೊಂಡೆ. ಚಳಿಗೆ ಬೆರಳು ಮರಗಟ್ಟಿರುತ್ತದೆ, ಎದುರಿಗೆ ನಿಂತವರು ಏದುಸಿರು ಬಿಡುತ್ತಾ ಒದ್ದೆ ಜೇಬಿನಿಂದ ಮುದ್ದೆಯಾದ ಕಾಗದ ತೆಗೆದು ಕೊಡುತ್ತಾರೆ, ಅದು ಸ್ಕ್ಯಾನ್ ಆಗಲ್ಲ, ಇಬ್ಬರೂ ಅದನ್ನು ಬಿಡಿಸಿ ಬಿಡಿಸಿ ನೋಡುತ್ತೇವೆ, ಅಷ್ಟರಲ್ಲಿ ಹೆಸರು ಗೊತ್ತಾಗುತ್ತದೆ. ಒಂದು ಚಳಿಗಾಲ ಮುಗಿಯುವಷ್ಟರಲ್ಲಿ ನನ್ನ ಹೆಸರನ್ನು ಸರಿಯಾಗಿ ಹೇಳುವವರು ವಿಲೇಜ್‌ನಲ್ಲಿ ಮೂವತ್ತು ಜನ ಇದ್ದರು. ಟೀಗೂ ಕರೆದರು. ಈ ಸಲ ತಾರೀಕು ಹೇಳಿ ಕರೆದರು.

ಇನ್ನು ಹೊಟ್ಟೆಪಾಡಿನ ವಿಷಯ. ಬಾಡಿಗೆ ಇಲ್ಲಿ ಜಾಸ್ತಿ. ಸುಮ್ನೆ ಹಟ ಮಾಡಿ ಇಲ್ಲೇ ಮನೆ ಹುಡುಕಬೇಡಿ. ಪಕ್ಕದ ಸ್ವೋರ್ಡ್ಸ್‌ನಲ್ಲಿ ಸ್ವಲ್ಪ ಕಡಿಮೆಗೆ ಸಿಗುತ್ತದೆ, ಭಾರತದ ದಿನಸಿಯೂ ಅಲ್ಲೇ ಸಿಗುತ್ತದೆ, 102 ನಂಬರ್ ಬಸ್ಸು ಏರ್‌ಪೋರ್ಟ್‌ನಿಂದ ಸ್ವೋರ್ಡ್ಸ್ ಮೇಲೆ ಇಲ್ಲಿಗೆ ಬರುತ್ತದೆ. ಸಿಟಿಗೆ ಹೋಗಲು ಡಾರ್ಟ್ ರೈಲು, ಅರ್ಧ ಗಂಟೆ ಆಸುಪಾಸು. ಬಸ್ಸು ರೈಲಿಗೆ ದುಡ್ಡು ಕಟ್ಟುವ ಲೀಪ್ ಕಾರ್ಡ್ ಮೊದಲ ದಿನವೇ ಮಾಡಿಸಿ, 90 ನಿಮಿಷದೊಳಗೆ ಬಸ್ಸು ರೈಲು ಬದಲಿಸಿದರೂ 2 ಯೂರೋ. ಇಳಿಯುವಾಗ ಡ್ರೈವರ್‌ಗೆ ಥ್ಯಾಂಕ್ಸ್ ಹೇಳಿ ಇಳಿಯಬೇಕು. ರೂಲ್ಸ್ ಏನಲ್ಲ, ಆದರೆ ಎಲ್ಲರೂ ಹೇಳುತ್ತಾರೆ.

ವಿಮಾನ ಇಳಿದ ವಾರವೇ ಮನೆ ಡಾಕ್ಟರ್ ಹುಡುಕಿಕೊಳ್ಳಿ, ಜ್ವರ ಬರುವ ತನಕ ಕಾಯಬೇಡಿ. ನಾನು ಕಾದೆ. ಮಗಳಿಗೆ ಕಿವಿನೋವು ಬಂದ ರಾತ್ರಿಯ ಮರುದಿನ ಫೋನ್ ಮಾಡಿದ ಮೊದಲ ಮೂರು ಕ್ಲಿನಿಕ್‌ನವರೂ "ಹೊಸ ಪೇಷೆಂಟ್ ತಗೊಳ್ತಿಲ್ಲ" ಅಂದರು. ಶಾಲೆಯೂ ಅಷ್ಟೆ, ಅರ್ಜಿ ಹಾಕುವ ಕಾಲ ಸಾಮಾನ್ಯವಾಗಿ ಹಿಂದಿನ ವರ್ಷವೇ ಮುಗಿದುಹೋಗಿರುತ್ತದೆ. ಮನೆ ಗೊತ್ತಾಗುವ ಮೊದಲೇ ಶಾಲೆಗೆ ಇಮೇಲ್ ಹಾಕಿ ವಿಚಾರಿಸಿ. ದೇವಸ್ಥಾನ ಬೇಕೆಂದರೆ ವಾಕಿನ್ಸ್‌ಟೌನ್‌ಗೆ ಹೋಗಬೇಕು, ಅದು ಡಬ್ಲಿನ್ನಿನ ಆ ತುದಿ. ಹಬ್ಬದ ದಿನ ಹೋಗಿಬರುವುದರಲ್ಲಿ ಅರ್ಧ ದಿನ ಆಗುತ್ತದೆ.

ಈಗ ಸಮುದ್ರ. ಇದನ್ನು ದಯವಿಟ್ಟು ನಿಧಾನವಾಗಿ ಓದಿ.

ಇಲ್ಲಿ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ, ಟೈಮು ದಿನ ದಿನ ಮುಕ್ಕಾಲು ಗಂಟೆಯಷ್ಟು ತಡವಾಗುತ್ತಾ ಹೋಗುತ್ತದೆ. ಮಲ್ಪೆಯಲ್ಲೂ ಏರಿಳಿತ ಇದೆ, ಆದರೆ ಅಲ್ಲಿ ನಮ್ಮಂಥ ಬಯಲುಸೀಮೆಯವರಿಗೆ ಅದು ಗೊತ್ತೇ ಆಗುವುದಿಲ್ಲ. ಇಲ್ಲಿ ಹುಣ್ಣಿಮೆ ಅಮಾವಾಸ್ಯೆ ಹೊತ್ತಿಗೆ ಮೂರು ಮೀಟರಿಗಿಂತ ಹೆಚ್ಚು ಏರುತ್ತದೆ, ಅಂದರೆ ಎರಡಾಳು ಹತ್ತಿರ. ಬಂದ ಮೊದಲ ಬೇಸಿಗೆಯಲ್ಲಿ ನಾನು ಮತ್ತು ಮಗಳು ನೀರು ಇಳಿದಾಗ ಮರಳಿನ ಮೇಲೆ ಚಿಪ್ಪು ಆರಿಸುತ್ತಾ ಹೋದೆವು. ಹಿಂದಕ್ಕೆ ತಿರುಗಿದಾಗ ನಮಗೂ ದಡಕ್ಕೂ ನಡುವೆ ಒಂದು ಕಾಲುವೆ ಹರಿಯುತ್ತಿತ್ತು. ನಾವು ಬರುವಾಗ ಅದು ಇರಲಿಲ್ಲ. ಅಲೆ ಇಲ್ಲ, ಸದ್ದಿಲ್ಲ, ಸುಮ್ಮನೆ ತುಂಬಿಕೊಳ್ಳುತ್ತಿತ್ತು. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸೊಂಟದ ತನಕ ನೀರಿನಲ್ಲಿ ದಾಟಿದೆ. ನಾಯಿ ಹಿಡಿದುಕೊಂಡಿದ್ದ ಒಬ್ಬ ಅಜ್ಜ ದಡದಲ್ಲಿ ನಿಂತು ನೋಡುತ್ತಿದ್ದರು, ಬೈಯಲಿಲ್ಲ, ಫೋನಿನಲ್ಲಿ ಟೈಡ್ ಟೇಬಲ್, ಅಂದರೆ ನೀರು ಏರಿಳಿಯುವ ಟೈಮಿನ ಪಟ್ಟಿ, ಹೇಗೆ ನೋಡುವುದು ಅಂತ ತೋರಿಸಿದರು. ನೀವೂ ಇವತ್ತೇ ಕಲಿತುಬಿಡಿ.

ಊರಿನ ಬೀಚಿನ ಹತ್ತಿರ, ನದೀಮುಖದ ಬಾಯಲ್ಲಿ ಈಜಬೇಡಿ. ನೀರು ಶಾಂತವಾಗಿ ಕಾಣುತ್ತದೆ, ಒಳಗೆ ಸೆಳೆತ ಭಯಂಕರ. ಈಜುವವರು ಪೋರ್ಟ್‌ಮಾರ್ನಾಕ್ ದಾರಿಯಲ್ಲಿರುವ ಲೋ ರಾಕ್, ಹೈ ರಾಕ್ ಎಂಬ ಬಂಡೆಗಳ ಹತ್ತಿರ ಹೋಗುತ್ತಾರೆ. ಡಿಸೆಂಬರಿನಲ್ಲೂ ಹೋಗುತ್ತಾರೆ. ನೀಲಿ ತುಟಿಯಲ್ಲಿ ಹೊರಗೆ ಬಂದು "ಲವ್ಲಿ" ಅಂತಾರೆ, ನಂಬಬೇಡಿ. ನಾನು ಒಂದು ಸಲ ಇಳಿದೆ. ಸಾಕು. ಆದರೆ ಆ ದಡದ ದಾರಿಯಲ್ಲಿ ನಡೆಯುವುದು ಮಾತ್ರ ತಪ್ಪಿಸಬೇಡಿ, ಒಂದು ಗಂಟೆಯಲ್ಲಿ ಪೋರ್ಟ್‌ಮಾರ್ನಾಕ್ ಮುಟ್ಟುತ್ತೀರಿ. ಅಲ್ಲಿನ ಉದ್ದ ಮರಳ ದಂಡೆಯಿಂದಲೇ 1930ರಲ್ಲಿ ಕಿಂಗ್ಸ್‌ಫರ್ಡ್ ಸ್ಮಿತ್ ಅಟ್ಲಾಂಟಿಕ್ ದಾಟಲು ವಿಮಾನ ಹಾರಿಸಿದ್ದು.

ನೀರಿನ ಬಲ ನೋಡಬೇಕೆಂದರೆ ರೈಲ್ವೆ ಸೇತುವೆ ಹತ್ತಿರ ಹೋಗಿ. ನೀರು ಇಳಿಯುವ ಹೊತ್ತಿಗೆ ಒಳಗಿನ ಕೊಲ್ಲಿಯ ನೀರೆಲ್ಲ ಕಂಬಗಳ ನಡುವೆ ನುಗ್ಗಿ ಹೊರಗೆ ಬೀಳುತ್ತದೆ, ಮಳೆಗಾಲದ ಕಟ್ಟೆ ಕೋಡಿ ಬಿದ್ದ ಸದ್ದು. 2009ರ ಆಗಸ್ಟ್ 21ರ ಸಂಜೆ ಈ ಸೇತುವೆಯ ಒಂದು ಭಾಗ ಕುಸಿದು ನೀರಿಗೆ ಬಿತ್ತು. ಆಗಷ್ಟೇ ರೈಲೊಂದು ದಾಟಿ ಹೋಗಿತ್ತು, ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ತಳ ಕೊರೆದದ್ದು ನೀರು. ಅದಕ್ಕೆ ಕೆಲವು ದಿನ ಮೊದಲೇ ಇಲ್ಲಿನ ಸೀ ಸ್ಕೌಟ್ಸ್‌ನವರು ನೀರಿನ ಹರಿವು ಬದಲಾಗಿದೆ ಅಂತ ರೈಲ್ವೆಗೆ ತಿಳಿಸಿದ್ದರು. ಮಕ್ಕಳಿಗೆ ದೋಣಿ ಕಲಿಸುವ ಸಂಘ ಅದು. ದಿನಾ ನೀರಲ್ಲಿ ಇರುವವರ ಕಣ್ಣಿಗೆ ಬಿದ್ದಿತ್ತು, ನೋಡಿ. ನಾನು ಬರುವ ಮೊದಲಿನ ಕಥೆ ಇದು, ಆದರೆ ಮಗಳನ್ನು ಅಲ್ಲಿಗೆ ಸೇರಿಸಲು ಇದೊಂದೇ ಸಾಕಾಯಿತು. ಈಗ ನನಗಿಂತ ಚೆನ್ನಾಗಿ ಗಂಟು ಹಾಕುತ್ತಾಳೆ.

ಕ್ಯಾಸಲ್ ಬಗ್ಗೆ ಎಲ್ಲ ಪ್ರವಾಸಿ ಪುಸ್ತಕದಲ್ಲೂ ಇದೆ, ನಾನು ಜಾಸ್ತಿ ಬರೆಯುವುದಿಲ್ಲ. ಟಾಲ್ಬಟ್ ಅನ್ನುವ ಒಂದೇ ಮನೆತನ 1185ರಿಂದ 1970ರ ದಶಕದ ತನಕ, ನಡುವೆ ಸ್ವಲ್ಪ ಕಾಲ ಬಿಟ್ಟರೆ, ಅಲ್ಲೇ ಇತ್ತು. ಈಗ ಸುತ್ತಲಿನ 260 ಎಕರೆ ಆಸುಪಾಸಿನ ತೋಟ ಸಾರ್ವಜನಿಕ ಪಾರ್ಕು. ಮಕ್ಕಳಿದ್ದರೆ ನಿಮ್ಮ ಭಾನುವಾರಗಳೆಲ್ಲ ಅಲ್ಲೇ.

ಆದರೆ ಆ ಪಾರ್ಕಿನೊಳಗಿನ ಕ್ರಿಕೆಟ್ ಮೈದಾನದ ಬಗ್ಗೆ ಹೇಳದೆ ಬಿಡುವುದಿಲ್ಲ. ಮ್ಯಾಲಹೈಡ್ ಕ್ರಿಕೆಟ್ ಕ್ಲಬ್ 1861ರದ್ದು. ಐರ್ಲೆಂಡ್ ಪುರುಷರ ತಂಡ ತನ್ನ ಮೊದಲ ಟೆಸ್ಟ್ ಆಡಿದ್ದು ಇಲ್ಲೇ, 2018ರ ಮೇ ತಿಂಗಳಲ್ಲಿ, ಪಾಕಿಸ್ತಾನದ ವಿರುದ್ಧ, ಮೊದಲ ದಿನ ಪೂರ್ತಿ ಮಳೆ. ಮುಂದಿನ ತಿಂಗಳು ಭಾರತ ಬಂತು. ಜೂನ್ 29ರಂದು ನಮ್ಮ ಕೆ.ಎಲ್. ರಾಹುಲ್ 36 ಎಸೆತಕ್ಕೆ 70 ಹೊಡೆದರು. ಆಮೇಲೆ ಐರ್ಲೆಂಡ್ ತಂಡ ಪೂರ್ತಿ ಔಟಾಗಿದ್ದು ಎಷ್ಟಕ್ಕೆ ಗೊತ್ತಾ? 70ಕ್ಕೆ. ಸುರತ್ಕಲ್‌ನಲ್ಲಿ ಬೆಳೆದ ಹುಡುಗ ಒಬ್ಬನೇ ಇಡೀ ದೇಶದಷ್ಟು ಹೊಡೆದ ಅಂತ ನಾವು ಹತ್ತು ಜನ ಗಂಟಲು ಹರಿದುಕೊಂಡು ಕಿರುಚಿದೆವು. ಮುಂದಿನ ಸಾಲಿನಲ್ಲಿ ಕೂತಿದ್ದ ಐರಿಷ್ ಅಂಕಲ್ ತಿರುಗಿ ನೋಡಿ, ನಕ್ಕು, ಚಿಪ್ಸ್ ಪೊಟ್ಟಣ ಮುಂದೆ ಚಾಚಿದರು. 2023ರ ಆಗಸ್ಟಿನಲ್ಲಿ ಪ್ರಸಿದ್ಧ್ ಕೃಷ್ಣ ಮೊದಲ ಟಿ20 ಆಡಿದ್ದೂ ಇದೇ ಮೈದಾನದಲ್ಲಿ. ಆ ಸರಣಿಯ ಕೊನೆಯ ಮ್ಯಾಚು ಒಂದು ಎಸೆತವೂ ಇಲ್ಲದೆ ಮಳೆಗೆ ಹೋಯಿತು. ಆದ್ದರಿಂದ ಟಿಕೆಟ್ ತಗೊಂಡರೆ ರೇನ್‌ಕೋಟನ್ನೂ ತಗೊಳ್ಳಿ. ಕೊಡೆ ಬೇಡ, ಇಲ್ಲಿನ ಗಾಳಿಗೆ ಕೊಡೆ ಉಲ್ಟಾ ಆಗುತ್ತದೆ. ಮಕ್ಕಳನ್ನು ಕ್ಲಬ್ಬಿಗೆ ಸೇರಿಸಿ, ನಿಮಗೂ ಮೈದಾನದ ಹೊದಿಕೆ ಎಳೆಯುವ ಕೆಲಸ ಕೊಡುತ್ತಾರೆ.

ಹಾಗಂತ ಕ್ರಿಕೆಟ್‌ನಲ್ಲೇ ನಿಂತುಬಿಡಬೇಡಿ, ಅಲ್ಲಿ ಸಿಗುವವರಲ್ಲಿ ನಮ್ಮವರೇ ಜಾಸ್ತಿ. ಸೇಂಟ್ ಸಿಲ್ವೆಸ್ಟರ್ಸ್ ಅನ್ನುವ ಗೇಲಿಕ್ ಆಟದ, ಅಂದರೆ ಐರಿಷರ ಸ್ವಂತ ಆಟಗಳ ಕ್ಲಬ್ ಇದೆ, ಊರವರು ಸಿಲ್ಸ್ ಅಂತಾರೆ. ಮಗುವಿನ ಕೈಗೆ ಹರ್ಲಿಂಗ್ ಕೋಲು ಕೊಟ್ಟು ನೋಡಿ, ನಮ್ಮ ಚಿನ್ನಿದಾಂಡು ಆಡಿದ ಕೈಗೆ ಅದೇನು ಹೊಸದಲ್ಲ. ಲೈಬ್ರರಿ ಅಮೆರಿಕದ ದಾನಿ ಕಾರ್ನೆಗಿ ದುಡ್ಡಲ್ಲಿ ಕಟ್ಟಿದ ಹಳೆಯ ಕಟ್ಟಡ, ಮೆಂಬರ್‌ಶಿಪ್‌ಗೆ ಕಾಸಿಲ್ಲ, 2019ರಿಂದ ತಡವಾದರೆ ದಂಡವೂ ಇಲ್ಲ. ಟೈಡಿ ಟೌನ್ಸ್ ಅನ್ನುವ ಸ್ವಯಂಸೇವಕರ ತಂಡದವರು ಹೂಕುಂಡ ಇಡುತ್ತಾರೆ, ಕಸ ಹೆಕ್ಕುತ್ತಾರೆ. ಅವರಲ್ಲಿ ನಿವೃತ್ತರು ಜಾಸ್ತಿ. ಊರಿನ ಪೂರ್ತಿ ಪಂಚಾಂಗ ಅವರ ಹತ್ತಿರ ಇರುತ್ತದೆ. ಯಾವ ಪ್ಲಂಬರ್ ಒಳ್ಳೆಯವನು ಅನ್ನುವುದು ಇಂಟರ್‌ನೆಟ್‌ಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಜಗಳವೂ ಇದೆ. 2020ರಲ್ಲಿ ಕೋವಿಡ್ ಹೊತ್ತಿಗೆ ನ್ಯೂ ಸ್ಟ್ರೀಟ್‌ನಲ್ಲಿ ಕಾರು ಬಂದ್ ಮಾಡಿದ್ದಕ್ಕೆ ಊರು ಎರಡು ಹೋಳಾಯಿತು. ನನ್ನ ಅಭಿಪ್ರಾಯ ಕೇಳಿದರೆ ಮಾಡಿದ್ದು ಸರಿ, ಈಗ ಬೀದಿ ನಡುವೆ ಕಾಫಿ ಕುಡಿಯಬಹುದು. ಆದರೆ ಇದನ್ನು ಹೊಸದಾಗಿ ಪರಿಚಯ ಆದವರ ಮುಂದೆ ಎತ್ತಬೇಡಿ. ಅಭಿಪ್ರಾಯ ಹೇಳಬೇಕೆಂದರೆ ದಾರಿ ಇದೆ: ಇಲ್ಲಿ ಕೌನ್ಸಿಲ್ (ಸ್ಥಳೀಯ ಸಂಸ್ಥೆ) ಚುನಾವಣೆಯಲ್ಲಿ ಮತ ಹಾಕಲು ಪೌರತ್ವ ಬೇಡ, ವಾಸ ಇದ್ದರೆ ಸಾಕು. ಬಹಳ ಜನ ನಮ್ಮವರಿಗೆ ಇದು ಗೊತ್ತೇ ಇಲ್ಲ. ನಮ್ಮ ಊರು ಸೇರಿರುವ ಫಿಂಗಲ್ ಕೌನ್ಸಿಲ್‌ನ ಮತದಾರರ ಪಟ್ಟಿಗೆ ಆನ್‌ಲೈನಲ್ಲೇ ಹೆಸರು ಸೇರಿಸಬಹುದು. ಸೇರಿಸಿ.

ಮೊದಲ ಚಳಿಗಾಲ ಕಷ್ಟ. ಡಿಸೆಂಬರಿನಲ್ಲಿ ನಾಲ್ಕೂ ಕಾಲಿಗೆಲ್ಲ ಕತ್ತಲೆ. ಬಟ್ಟೆ ಒಣಗಲ್ಲ, ದೋಸೆ ಹಿಟ್ಟು ಹುಳಿ ಬರಲ್ಲ. ಹಿಟ್ಟನ್ನು ಓವನ್ ಒಳಗಿಟ್ಟು ಲೈಟ್ ಮಾತ್ರ ಹಾಕಿಡಿ, ಬೆಳಿಗ್ಗೆಗೆ ಉಬ್ಬಿರುತ್ತದೆ. ಮನಸ್ಸಿಗೆ ಬೇಜಾರಾದರೆ ಕೊಲ್ಲಿಯ ಕಡೆ ನಡೆಯಿರಿ. ಅಕ್ಟೋಬರ್ ಹೊತ್ತಿಗೆ ಕೆನಡಾದ ಉತ್ತರದ ತುದಿಯಿಂದ ಬ್ರೆಂಟ್ ಬಾತುಗಳು ಹಿಂಡು ಹಿಂಡಾಗಿ ಬಂದಿಳಿದಿರುತ್ತವೆ, ಏಪ್ರಿಲ್ ತನಕ ಇರುತ್ತವೆ. ಆಟದ ಮೈದಾನದ ಹುಲ್ಲಿಗೂ ಬಂದು ಮೇಯುತ್ತವೆ. ಅವು ಗೊಣಗುವ ಸದ್ದು ನಮ್ಮ ಅರಸೀಕೆರೆ ಸ್ಟೇಷನ್ ವೇಟಿಂಗ್ ರೂಮಿನ ಸದ್ದಿನ ಥರವೇ ಇದೆ ಅಂತ ನನ್ನ ಹೆಂಡತಿ ಹೇಳುತ್ತಾಳೆ.

ಶನಿವಾರ ಬೆಳಿಗ್ಗೆ ಪಾರ್ಕಿಗೆ ಬನ್ನಿ. ಓಟ ಮುಗಿಯುವ ಕಡೆ ಕೆಂಪು ಮಂಕಿ ಟೋಪಿ ಹಾಕಿಕೊಂಡು ಸ್ಕ್ಯಾನರ್ ಹಿಡಿದು ನಿಂತಿರುತ್ತೇನೆ, ಈ ಊರಲ್ಲಿ ಮಂಕಿ ಟೋಪಿ ಹಾಕುವವನು ನಾನೊಬ್ಬನೇ. ಕಾಫಿ ನನ್ನ ಲೆಕ್ಕ. ಬಾರ್‌ಕೋಡ್ ಮಾತ್ರ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬನ್ನಿ.