ಫೀನಾಲ್‌ಗೆ ಜಗತ್ತಿನಲ್ಲಿ ಎಷ್ಟು ಬೇಡಿಕೆ? ಲೆಕ್ಕ ಹಾಕುವುದು ಹೀಗೆ

ಫೀನಾಲ್ ಎಂಬ ಕೈಗಾರಿಕಾ ರಾಸಾಯನಿಕವನ್ನು ಒಂದು ಕಾರ್ಖಾನೆ ತಯಾರಿಸುತ್ತದೆ, ಬಹುಪಾಲು ಇನ್ನೊಂದು ಕಾರ್ಖಾನೆಯೇ ಕೊಳ್ಳುತ್ತದೆ. ಹಾಗಾಗಿ ಇದರ ಬೇಡಿಕೆ ತಿಳಿಯಬೇಕಾದರೆ ಕೊನೆಯ ಸರಕಿನಿಂದ ಹಿಂದಕ್ಕೆ ಬರಬೇಕು.

ಮೊದಲು ಫೀನಾಲ್ ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಬರೆದುಕೊಳ್ಳಿ. ದೊಡ್ಡ ಪಾಲು ಬಿಸ್ಫೀನಾಲ್ ಎ ಎಂಬ ರಾಸಾಯನಿಕದ ತಯಾರಿಕೆಗೆ. ಅದರಿಂದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಮತ್ತು ಎಪಾಕ್ಸಿ ರಾಳ ಆಗುತ್ತವೆ. ಕಾರಿನ ಹೆಡ್‌ಲೈಟ್ ಮುಚ್ಚಳ, ಗಾಳಿಯಂತ್ರದ ರೆಕ್ಕೆ, ಸರ್ಕ್ಯೂಟ್ ಬೋರ್ಡ್ ಎಲ್ಲ ಇಲ್ಲಿ ಬಂದವು. ಆಮೇಲೆ ಪ್ಲೈವುಡ್ ಅಂಟು, ಬ್ರೇಕ್ ಪ್ಯಾಡ್‌ಗೆ ಬೇಕಾದ ಫೀನಾಲಿಕ್ ರಾಳ. ಒಂದಿಷ್ಟು ನೈಲಾನ್‌ಗೂ ಹೋಗುತ್ತದೆ.

ಈಗ ಟನ್ ಲೆಕ್ಕ. ಒಂದೊಂದು ಸರಕು ಎಷ್ಟು ಟನ್ ತಯಾರಾಗುತ್ತದೆ ಎಂಬುದನ್ನು, ಅದರ 1 ಟನ್‌ಗೆ ಬೇಕಾದ ಫೀನಾಲ್‌ನಿಂದ ಗುಣಿಸಿ ಕೂಡಿಸಿ. ಉದಾಹರಣೆಗೆ, 1 ಟನ್ ಬಿಸ್ಫೀನಾಲ್ ಎಗೆ ಸುಮಾರು 0.82 ಟನ್ ಫೀನಾಲ್, 0.25 ಟನ್ ಅಸಿಟೋನ್ ಎಂಬ ಇನ್ನೊಂದು ರಾಸಾಯನಿಕ ಬೇಕು. ಇದು ರಸಾಯನಶಾಸ್ತ್ರದ ಲೆಕ್ಕ, ಕಾರ್ಖಾನೆಯಲ್ಲಿ ಸ್ವಲ್ಪ ಜಾಸ್ತಿಯೇ ಹಿಡಿಯುತ್ತದೆ.

ಮುಂದಿನ ಹೆಜ್ಜೆಯನ್ನು ಹಲವರು ಬಿಟ್ಟುಬಿಡುತ್ತಾರೆ. ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ಜಗತ್ತಿನ ಹೆಚ್ಚಿನ ಫೀನಾಲ್ ಕ್ಯುಮೀನ್ ಎಂಬ ಪೆಟ್ರೋರಾಸಾಯನಿಕದಿಂದ ಬರುತ್ತದೆ. ಆ ವಿಧಾನದಲ್ಲಿ 1 ಟನ್ ಫೀನಾಲ್ ಜೊತೆ ಸುಮಾರು 0.6 ಟನ್ ಅಸಿಟೋನ್ ಹುಟ್ಟುತ್ತದೆ, ಬೇಕಿರಲಿ ಬೇಡದಿರಲಿ. ಬಿಸ್ಫೀನಾಲ್ ಎಗೆ ಹೋಗುವ ಫೀನಾಲ್ ಜೊತೆ ಹುಟ್ಟಿದ ಅಸಿಟೋನ್‌ನಲ್ಲಿ ಅರ್ಧದಷ್ಟು ಮಾತ್ರ ಅಲ್ಲೇ ಖರ್ಚಾಗುತ್ತದೆ. ಉಳಿದದ್ದು ಅಕ್ರಿಲಿಕ್ ಹಾಳೆಗೋ ದ್ರಾವಕವಾಗಿಯೋ ಮಾರಾಟವಾಗಬೇಕು. ಆಗದಿದ್ದರೆ ಅದರ ಬೆಲೆ ಬೀಳುತ್ತದೆ, ಇಡೀ ಖರ್ಚು ಫೀನಾಲ್ ತಲೆಗೆ ಬರುತ್ತದೆ. ತಯಾರಕರು ಉತ್ಪಾದನೆ ಇಳಿಸುತ್ತಾರೆ. ಫೀನಾಲ್ ದುಬಾರಿಯಾಗುತ್ತದೆ, ಬೇಡಿಕೆ ಮಾತ್ರ ಇದ್ದಲ್ಲೇ ಇರುತ್ತದೆ. ಆದ್ದರಿಂದ ಬೆಲೆ ಏರಿತೆಂದು ಬೇಡಿಕೆಯೂ ಏರಿದೆ ಎನ್ನಬೇಡಿ. ಫೀನಾಲ್, ಅಸಿಟೋನ್ ಎರಡರ ಬೆಲೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ.

ನಿಮ್ಮ ಅಂದಾಜನ್ನು ಪರೀಕ್ಷಿಸಲು ಒಂದೊಂದು ದೇಶದ ಉತ್ಪಾದನೆಗೆ ಆಮದು ಕೂಡಿಸಿ, ರಫ್ತು ಕಳೆಯಿರಿ. ದಾಸ್ತಾನು ಏರಿದ್ದರೆ ಆ ಏರಿಕೆಯನ್ನೂ ಕಳೆಯಿರಿ. ಆಮದು-ರಫ್ತಿನ ಅಂಕಿ ಸಿಗುವ ವಿಶ್ವಸಂಸ್ಥೆಯ ಕಾಮ್‌ಟ್ರೇಡ್ ದತ್ತಾಂಶದಲ್ಲಿ ಫೀನಾಲ್‌ನ ಕೋಡ್ 2907.11. ಒಂದು ಎಚ್ಚರಿಕೆ: ಒಂದೇ ಆವರಣದಲ್ಲಿ ಫೀನಾಲ್ ಮಾಡಿ ಅಲ್ಲೇ ಬಳಸುವ ಕಂಪನಿಗಳ ಸರಕು ವ್ಯಾಪಾರದ ಅಂಕಿಗಳಲ್ಲಿ ಕಾಣುವುದೇ ಇಲ್ಲ.

ಕೊನೆಗೆ ಕಾನೂನು. ಆಹಾರಕ್ಕೆ ತಾಗುವ ವಸ್ತುಗಳಲ್ಲಿ ಬಿಸ್ಫೀನಾಲ್ ಎ ಬಳಕೆಯನ್ನು ನಿಷೇಧಿಸುವ ಐರೋಪ್ಯ ಒಕ್ಕೂಟದ ನಿಯಮ 2025ರ ಜನವರಿ 20ರಂದು ಜಾರಿಗೆ ಬಂತು. ಬದಲಾವಣೆಗೆ ಕಾಲಾವಕಾಶವೂ ಇದೆ. ಇದನ್ನು ನೋಡಿ ಇಡೀ ಅಂದಾಜನ್ನು ಕೆಳಗಿಳಿಸಬೇಡಿ. ಡಬ್ಬಿಗಳ ಒಳಲೇಪನಕ್ಕೆ ಹೋಗುವ ಎಪಾಕ್ಸಿಯಂಥ ಬಳಕೆಗಳನ್ನು ಬೇರೆ ಸಾಲಿನಲ್ಲಿ ಬರೆದು, ಅವನ್ನಷ್ಟೇ ಇಳಿಸಿ. ಗಾಳಿಯಂತ್ರದ ರೆಕ್ಕೆಗೆ ಈ ನಿಯಮ ತಟ್ಟುವುದಿಲ್ಲ.