ಆಪರೇಷನ್ ಆದ ಜಾಗದಲ್ಲಿ ಗಂಟು ಸಿಕ್ಕರೆ ಏನು ಮಾಡಬೇಕು?

ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ವರ್ಷ ಕಳೆದಿರುತ್ತದೆ. ಸ್ನಾನ ಮಾಡುವಾಗ ಹೊಲಿಗೆ ಪಕ್ಕ ಗಟ್ಟಿ ಗಂಟು ಕೈಗೆ ಸಿಗುತ್ತದೆ. ‘ಮತ್ತೆ ಬಂತು’ ಅಂತ ಮನೆಮಂದಿಯೆಲ್ಲ ಊಟ ಬಿಡುತ್ತಾರೆ. ಅಲ್ಲಿ ಸಿಗುವ ಗಂಟೆಲ್ಲ ಕ್ಯಾನ್ಸರ್ ಅಲ್ಲ. ಹಾಗಂತ ಸುಮ್ನೆ ಕೂರುವಂತೆಯೂ ಇಲ್ಲ.

ಮೊದಲು, ಅದನ್ನು ಪದೇ ಪದೇ ಒತ್ತಿ ನೋಡಬೇಡಿ. ಶಾಖ ಕೊಡುವುದು, ಸೊಪ್ಪು ಅರೆದು ಕಟ್ಟುವುದು ಬೇಡವೇ ಬೇಡ. ರೇಡಿಯೇಶನ್ ಆದ ಚರ್ಮ ಬೇಗ ಸುಡುತ್ತದೆ. ಯಾವತ್ತು ಕಂಡಿತು, ಎಷ್ಟು ದೊಡ್ಡದಿದೆ, ನೋವಿದೆಯಾ ಎಂದು ಬರೆದಿಟ್ಟು, ಅದೇ ವಾರ ಡಾಕ್ಟರಿಗೆ ತೋರಿಸಿ.

ಹೋಗುವ ಮುಂಚೆ ಫೈಲು ಹುಡುಕಿ. ನಮ್ಮ ಕಡೆ ಜಾಸ್ತಿ ಜನ ಎಡವುವುದು ಇಲ್ಲೇ. ಆಪರೇಷನ್ ಆಗಿದ್ದು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೋ ಹೈದರಾಬಾದಿನಲ್ಲೋ. ಗಂಟು ತೋರಿಸುವುದು ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ. ಸಿಂಧನೂರಿನಿಂದ ಬಸ್ ಹತ್ತಿ ಬಂದವರ ಕೈಯಲ್ಲಿ ಮಾತ್ರೆ ಚೀಟಿ ಬಿಟ್ಟು ಬೇರೇನೂ ಇರುವುದಿಲ್ಲ. ಡಿಸ್ಚಾರ್ಜ್ ಸಮ್ಮರಿ, ಬಯಾಪ್ಸಿ (ಗಂಟಿನ ಚೂರು ತೆಗೆದು ನೋಡುವ ಪರೀಕ್ಷೆ) ರಿಪೋರ್ಟ್, ರೇಡಿಯೇಶನ್ ವಿವರ, ಹಳೆಯ ಸ್ಕ್ಯಾನಿನ ಸಿಡಿ ಎಲ್ಲ ಒಂದೇ ಚೀಲದಲ್ಲಿರಲಿ. ಹಳೆಯ ಫಿಲ್ಮ್ ಪಕ್ಕದಲ್ಲಿಟ್ಟರೆ ಹೊಸದೇನು, ಹಳೇ ಕಲೆ ಯಾವುದು ಎಂದು ಗೊತ್ತಾಗುತ್ತದೆ.

ಹಾಗಾದರೆ ಅದು ಏನಿರಬಹುದು? ಆಪರೇಷನ್ ಆದ ವಾರಗಳಲ್ಲೇ ಮೆತ್ತಗೆ ಊದಿದ್ದರೆ ನೀರು ತುಂಬಿರಬಹುದು. ತುಂಬಾ ಮೋಸ ಮಾಡುವುದು ಸತ್ತ ಕೊಬ್ಬಿನ ಗಂಟು. ಕತ್ತರಿ ಬಿದ್ದ, ರೇಡಿಯೇಶನ್ ತಾಗಿದ ಕೊಬ್ಬು ಸತ್ತು ಗಟ್ಟಿಯಾಗುತ್ತದೆ, ಕೆಲವೊಮ್ಮೆ ವರ್ಷಗಳಾದ ಮೇಲೆ. ಮೇಲಿನ ಚರ್ಮವನ್ನು ಒಳಕ್ಕೆ ಎಳೆಯುತ್ತದೆ. ಕ್ಯಾನ್ಸರೂ ಹಾಗೇ ಎಳೆಯುತ್ತದೆ, ಅಲ್ವಾ? ನುರಿತ ಕೈಗೂ ಮುಟ್ಟಿ ಹೇಳಲಾಗದು. ಮ್ಯಾಮೊಗ್ರಾಮ್‌ನಲ್ಲಿ, ಅಂದರೆ ಸ್ತನದ ಎಕ್ಸ್‌ರೇಯಲ್ಲಿ, ಎಣ್ಣೆಯ ಗುಳ್ಳೆ, ಅದರ ಸುತ್ತ ತೆಳ್ಳಗೆ ಸುಣ್ಣದ ಗೆರೆ ಸ್ಪಷ್ಟವಾಗಿ ಕಂಡರೆ ಸಾಮಾನ್ಯವಾಗಿ ನಿರಾಳ.

ಇನ್ನೊಂದು ಹೊಲಿಗೆ ದಾರದ್ದು. ಕರಗದ ರೇಷ್ಮೆ ದಾರದ ಸುತ್ತ ಮೈ ತಾನೇ ಗಂಟು ಕಟ್ಟುತ್ತದೆ. ಪೆಟ್ ಸ್ಕ್ಯಾನಿನಲ್ಲಿ ಇದೂ ಹೊಳೆಯಬಹುದು. ಆ ಸ್ಕ್ಯಾನ್ ತೋರಿಸುವುದು ಸಕ್ಕರೆ ಜಾಸ್ತಿ ಹೀರುವ ಜಾಗವನ್ನು, ಉರಿಯೂತದ ಜೀವಕೋಶಗಳೂ ಸಕ್ಕರೆ ಹೀರುತ್ತವೆ. ಆದ್ದರಿಂದ ಪೆಟ್ ಹೊಳೆದ ಮಾತ್ರಕ್ಕೆ ಕೀಮೋಗೆ ಒಪ್ಪಬೇಡಿ. ‘ಬಯಾಪ್ಸಿ ಮಾಡಬಹುದಾ ಸರ್?’ ಎಂದು ಕೇಳಿ. ಸೂಜಿಯಲ್ಲಿ ಚೂರು ತೆಗೆದು ನೋಡಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತಿಗೆ ಕಿವಿಗೊಡಬೇಡಿ.

ರಿಪೋರ್ಟ್‌ನಲ್ಲಿ ಕ್ಯಾನ್ಸರ್ ಇಲ್ಲ ಎಂದು ಬಂದರೂ ಅದು ಸ್ಕ್ಯಾನಿಗೆ ತಾಳೆಯಾಗುತ್ತದೆಯೇ ಎಂದು ವಿಚಾರಿಸಿ. ಗಂಟು ಬೆಳೆಯುತ್ತಲೇ ಇದ್ದರೆ, ಕಂಕುಳಲ್ಲಿ ಇನ್ನೊಂದು ಸಿಕ್ಕರೆ, ಮುಂದಿನ ತಾರೀಕಿಗೆ ಕಾಯದೆ ಹೋಗಿ ಮತ್ತೊಮ್ಮೆ ಪರೀಕ್ಷೆ ಮಾಡಿಸಿ.